ಡೇಟಾಬೇಸ್ ನಿಧಾನ ಆಗಿದೆ, ಎಂತ ಮಾಡುವುದು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಂಗಳೂರಿನಲ್ಲಿ ಕೂತು, ಇಲ್ಲಿಂದ ಕುಂದಾಪುರದವರೆಗಿನ ಅಂಗಡಿ, ಸೊಸೈಟಿ, ಕ್ಲಿನಿಕ್, ಗೇರುಬೀಜದ ಫ್ಯಾಕ್ಟರಿಗಳ ಡೇಟಾಬೇಸ್ ನೋಡಿಕೊಳ್ಳುತ್ತೇನೆ. ಫೋನ್ ಬರುವುದು ಹೆಚ್ಚಾಗಿ ಬೆಳಿಗ್ಗೆ ಹತ್ತೂವರೆಗೆ, ಕೌಂಟರಿನಲ್ಲಿ ಜನ ನಿಂತು ಗೊಣಗುವಾಗ. ಊರು ಬೇರೆ, ಸಾಫ್ಟ್‌ವೇರ್ ಬೇರೆ, ಪ್ರಶ್ನೆ ಮಾತ್ರ ಅವೇ. ಒಂದೇ ಉತ್ತರ ಇಪ್ಪತ್ತು ಸಲ ಹೇಳಿ ಸಾಕಾಗಿ ಇಲ್ಲಿ ಬರೆದು ಹಾಕಿದ್ದೇನೆ. ನಮ್ಮ ಕಡೆ ಜಾಸ್ತಿ ಇರುವುದು ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್ ಮತ್ತು ಎಸ್‌ಕ್ಯುಎಲ್ ಸರ್ವರ್. ಒರಾಕಲ್ ಅಪರೂಪ. ಅದಕ್ಕೇ ಉದಾಹರಣೆಗಳೂ ಆ ಮೂರರಿಂದಲೇ ಜಾಸ್ತಿ.

ಸಾಫ್ಟ್‌ವೇರ್ ತುಂಬಾ ಸ್ಲೋ. ಹೊಸ ಸರ್ವರ್ ತೆಗೆದುಕೊಳ್ಳುವುದಾ?

ತಡೆಯಿರಿ ಮಾರಾಯ್ರೆ. ಹೆಚ್ಚಿನ ಸಲ ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ. ಒಂದು ಬಟ್ಟೆ ಅಂಗಡಿಯವರು ನನಗೆ ಹೇಳುವ ಮೊದಲೇ ಸರ್ವರ್ ಬದಲಿಸಿ ಕೂತಿದ್ದರು. ಹಳೇ ಬಿಲ್ ಹುಡುಕಲು 18 ಸೆಕೆಂಡ್ ಹಿಡಿಯುತ್ತಿದ್ದದ್ದು 11ಕ್ಕೆ ಇಳಿದಿತ್ತು, ಅಷ್ಟೆ. ನೋಡಿದರೆ ಬಿಲ್ ಟೇಬಲ್‌ನಲ್ಲಿ ಮೊಬೈಲ್ ನಂಬರಿನ ಮೇಲೆ ಇಂಡೆಕ್ಸೇ ಇಲ್ಲ. ಇಂಡೆಕ್ಸ್ ಅಂದರೆ ಪುಸ್ತಕದ ಕೊನೆಯ ಪದಸೂಚಿಯ ಹಾಗೆ, ಯಾವ ಸಾಲು ಎಲ್ಲಿದೆ ಅಂತ ಸೀದಾ ಹೇಳುವ ಪಟ್ಟಿ. ಒಂದು ಬಿಲ್‌ಗಾಗಿ ಪ್ರತಿ ಸಲವೂ ಇಡೀ ಟೇಬಲ್ ಓದುತ್ತಿತ್ತು. ಇಂಡೆಕ್ಸ್ ಹಾಕಿದ ಮೇಲೆ ಕಣ್ಣು ಮಿಟುಕಿಸುವುದರೊಳಗೆ ಬರುತ್ತದೆ. ಹಳೇ ಸರ್ವರಿನಲ್ಲೂ ಹಾಗೇ ಬರುತ್ತಿತ್ತು ಅಂತ ನಾನು ಹೇಳಲಿಲ್ಲ, ಪಾಪ, ಸುಮ್ನೆ ಯಾಕೆ ಬೇಜಾರು ಮಾಡುವುದು.

ಇನ್ನೊಂದು ಮಾತು. ಎಸ್‌ಕ್ಯುಎಲ್ ಸರ್ವರ್ ಎಕ್ಸ್‌ಪ್ರೆಸ್ ಹಾಕಿಕೊಂಡು 64 ಜಿಬಿ ಮೆಮೊರಿಯ ಸರ್ವರ್ ತಂದವರೂ ಇದ್ದಾರೆ. 2022ರ ಆವೃತ್ತಿಯವರೆಗೆ ಎಕ್ಸ್‌ಪ್ರೆಸ್‌ನಲ್ಲಿ ಒಂದು ಡೇಟಾಬೇಸ್ 10 ಜಿಬಿ ದಾಟುವಂತಿಲ್ಲ, ಓದಿದ ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಬಫರ್ ಪೂಲ್‌ಗೆ ಅದು ತೆಗೆದುಕೊಳ್ಳುವುದು ಸುಮಾರು 1.4 ಜಿಬಿ ಮಾತ್ರ. ಉಳಿದ ಮೆಮೊರಿ ಅದರ ಪಾಲಿಗೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಹಾಗಂತ ಯಂತ್ರದಿಂದ ಪ್ರಯೋಜನವೇ ಇಲ್ಲ ಅಂತಲ್ಲ. ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಿ. ಅದಕ್ಕೆ ನನ್ನನ್ನು ಕೇಳಬೇಕಂತ ಇಲ್ಲ.

ನಿಧಾನ ಅಂತ ಗೊತ್ತು. ಎಲ್ಲಿ ನಿಧಾನ ಅಂತ ಹೇಗೆ ಗೊತ್ತಾಗುವುದು?

ಡೇಟಾಬೇಸನ್ನೇ ಕೇಳಬೇಕು. ಅದು ಲೆಕ್ಕ ಇಡುತ್ತದೆ, ಇಡು ಅಂತ ಹೇಳಿದರೆ. ಮೈಎಸ್‌ಕ್ಯುಎಲ್‌ನಲ್ಲಿ ನಿಧಾನದ ಕ್ವೆರಿಗಳನ್ನು, ಅಂದರೆ ಪ್ರೋಗ್ರಾಮ್ ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳನ್ನು, ಬರೆದಿಡುವ ಸ್ಲೋ ಕ್ವೆರಿ ಲಾಗ್ ಉಂಟು, ಆದರೆ ಅದು ಮೊದಲಿಗೆ ಆಫ್ ಇರುತ್ತದೆ. ಆನ್ ಮಾಡಿದರೂ 10 ಸೆಕೆಂಡ್ ದಾಟಿದ್ದನ್ನು ಮಾತ್ರ ಬರೆಯುತ್ತದೆ. ಕೌಂಟರಿನಲ್ಲಿ ನಿಂತವನಿಗೆ 10 ಸೆಕೆಂಡ್ ಅಂದರೆ ಒಂದು ಯುಗ, ಅಲ್ವಾ? ಅದನ್ನು 1ಕ್ಕೆ ಇಳಿಸಿ. ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ ಅಂತ ಒಂದು ಎಕ್ಸ್‌ಟೆನ್ಶನ್ ಉಂಟು, ನಾನು ಹೊಸ ಜಾಗಕ್ಕೆ ಹೋದರೆ ಮೊದಲು ಹಾಕುವುದೇ ಅದನ್ನು. ಎಸ್‌ಕ್ಯುಎಲ್ ಸರ್ವರ್‌ನಲ್ಲಿ 2016ರಿಂದ ಕ್ವೆರಿ ಸ್ಟೋರ್ ಬಂದಿದೆ, ಅದೂ ಚಿನ್ನದಂಥದ್ದು.

ನೋಡುವಾಗ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಅತಿ ಹೆಚ್ಚು ಹೊತ್ತು ಹಿಡಿದ ಒಂದು ಕ್ವೆರಿಯನ್ನೇ ಹಿಡಿದುಕೊಂಡು ಕೂರುತ್ತಾರೆ. ದಿನಕ್ಕೆ ಒಮ್ಮೆ ಓಡುವ ರಿಪೋರ್ಟ್ 40 ಸೆಕೆಂಡ್ ಹಿಡಿದರೆ ಹಿಡಿಯಲಿ ಬಿಡಿ. ಆದರೆ 30 ಮಿಲಿಸೆಕೆಂಡಿನ ಒಂದು ಚಿಕ್ಕ ಕ್ವೆರಿ ದಿನಕ್ಕೆ 2 ಲಕ್ಷ ಸಲ ಓಡಿದರೆ ಒಟ್ಟು 6,000 ಸೆಕೆಂಡ್, ಅಂದರೆ 1 ಗಂಟೆ 40 ನಿಮಿಷ. ಅಂಥದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಸಲದ ಸಮಯಕ್ಕಿಂತ ಒಟ್ಟು ಸಮಯದ ಮೇಲೆ ಪಟ್ಟಿ ಮಾಡಿ. ಹೆಚ್ಚಿನ ಸಲ ಆ ಚಿಕ್ಕದು ಪ್ರೋಗ್ರಾಮ್‌ನಲ್ಲಿ ಲೂಪ್ ಒಳಗೆ ಬರೆದದ್ದೇ ಆಗಿರುತ್ತದೆ. ನೂರು ಗ್ರಾಹಕರ ಪಟ್ಟಿ ತಂದು, ಒಬ್ಬೊಬ್ಬರ ಬಾಕಿ ಕೇಳಲು ನೂರು ಸಲ ಹೋಗುವುದು. ಮಾರ್ಕೆಟ್‌ಗೆ ಹೋಗಿ ಬಂಗುಡೆ ಒಂದೊಂದಾಗಿ ಮನೆಗೆ ತಂದ ಹಾಗೆ. ಅದನ್ನು ಯಾವ ಟ್ಯೂನಿಂಗೂ ಸರಿ ಮಾಡುವುದಿಲ್ಲ, ಪ್ರೋಗ್ರಾಮ್ ಬರೆದವರಿಗೇ ಹೇಳಬೇಕು.

ಎಕ್ಸ್‌ಪ್ಲೇನ್ ಹಾಕಿ ನೋಡಿದೆ. ತಲೆಬುಡ ಗೊತ್ತಾಗಲಿಲ್ಲ.

ಮೊದಲ ಸಲ ಯಾರಿಗೂ ಗೊತ್ತಾಗುವುದಿಲ್ಲ. ಕ್ವೆರಿಗೆ ಉತ್ತರ ತರಲು ಡೇಟಾಬೇಸ್ ಯಾವ ದಾರಿ ಹಿಡಿಯುತ್ತದೆ ಅಂತ ತೋರಿಸುವ ಆಜ್ಞೆ ಅದು, ಆ ದಾರಿಗೆ ಪ್ಲಾನ್ ಅನ್ನುತ್ತಾರೆ. ಸುಲಭದ ದಾರಿ ಒಂದುಂಟು: ಬರೀ ಎಕ್ಸ್‌ಪ್ಲೇನ್ ಅಲ್ಲ, ಎಕ್ಸ್‌ಪ್ಲೇನ್ ಅನಲೈಸ್ ಹಾಕಿ. ಆಗ ಪ್ರತಿ ಹಂತದಲ್ಲೂ ಎರಡು ಸಂಖ್ಯೆ ಸಿಗುತ್ತದೆ. ಇಷ್ಟು ಸಾಲು ಬರಬಹುದು ಅಂತ ಅದು ಅಂದಾಜು ಮಾಡಿದ್ದು, ಮತ್ತೆ ನಿಜವಾಗಿ ಬಂದದ್ದು. ಇವೆರಡೂ ಹತ್ತಿರ ಇದ್ದರೆ ಮುಂದೆ ಹೋಗಿ. ಅಂದಾಜು 3, ಬಂದದ್ದು 4 ಲಕ್ಷ ಅಂತ ಇದ್ದರೆ ಅಲ್ಲೇ ನಿಲ್ಲಿ, ರೋಗ ಇರುವುದು ಅಲ್ಲಿ.

ಮರೆಯಬೇಡಿ, ಅನಲೈಸ್ ಅಂದರೆ ಕ್ವೆರಿ ನಿಜವಾಗಿಯೂ ಓಡುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಡಿಲೀಟ್‌ಗೆ ಹಾಕಿದರೆ ಡಿಲೀಟ್ ಆಗಿಯೇ ಹೋಗುತ್ತದೆ. ಟ್ರಾನ್ಸಾಕ್ಶನ್ (ಪೂರ್ತಿ ಉಳಿಯುವ ಇಲ್ಲವೇ ಪೂರ್ತಿ ರದ್ದಾಗುವ ಕೆಲಸದ ಕಂತೆ) ಶುರು ಮಾಡಿ, ನೋಡಿ, ರೋಲ್‌ಬ್ಯಾಕ್ ಮಾಡಿ, ಅಂದರೆ ರದ್ದು ಮಾಡಿ.

ಆ ಅಂದಾಜು ಮಾಡುವುದು ಯಾರು? ಯಾಕೆ ತಪ್ಪುತ್ತದೆ?

ದಾರಿ ಆರಿಸುವ ಆಪ್ಟಿಮೈಸರ್ ಅಂತ ಒಂದು ಭಾಗ ಉಂಟು, ಇಡೀ ಆಟ ಅದರದ್ದೇ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಡೇಟಾವನ್ನು ಟೇಬಲ್‌ಗಳಲ್ಲಿ ಇಡುವ ರಿಲೇಶನಲ್ ಮಾದರಿ ಹೇಳಿದಾಗ ಅದರ ಜೀವಾಳ ಇದೇ: ನಿಮಗೆ ಏನು ಬೇಕೋ ಅದನ್ನು ಕೇಳಿ, ಹೇಗೆ ತರುವುದು ಅಂತ ಯಂತ್ರ ನೋಡಿಕೊಳ್ಳಲಿ. ಕೇಳಲು ಚಂದ. ಆದರೆ ಆ ಕಾಲದಲ್ಲಿ, ಮನುಷ್ಯ ಬರೆದಷ್ಟು ಚುರುಕಾಗಿ ಯಂತ್ರ ದಾರಿ ಹುಡುಕುತ್ತದೆ ಅಂತ ಸುಮಾರು ಜನ ನಂಬಿರಲಿಲ್ಲ. ಐಬಿಎಂನಲ್ಲೇ ಸಿಸ್ಟಮ್ ಆರ್ ಅಂತ ಕಟ್ಟಿ ತೋರಿಸಿದರು. ಖರ್ಚು ಲೆಕ್ಕ ಹಾಕಿ ದಾರಿ ಆರಿಸುವ ವಿಧಾನವನ್ನು 1979ರಲ್ಲಿ ಪೆಟ್ರೀಷಿಯಾ ಸೆಲಿಂಜರ್ ಮತ್ತು ಜೊತೆಯವರು ಪ್ರಕಟಿಸಿದರು. ಇವತ್ತು ನಿಮ್ಮ ಅಂಗಡಿಯ ಡೇಟಾಬೇಸ್ ಮಾಡುವುದೂ ಹೆಚ್ಚುಕಮ್ಮಿ ಅದನ್ನೇ. ನನ್ನ ಮಟ್ಟಿಗೆ, ತನ್ನನ್ನು ತಾನು ನೋಡಿಕೊಳ್ಳುವ ಡೇಟಾಬೇಸ್ ಶುರುವಾದದ್ದು ಅಲ್ಲಿಂದ. ಈಗಿನ ಜಾಹೀರಾತಿನಿಂದ ಅಲ್ಲ.

ಮಂಗಳೂರಿನಿಂದ ಉಡುಪಿಗೆ ಹೋಗಬೇಕು ಅಂತ ಇಟ್ಟುಕೊಳ್ಳಿ. ಹೈವೇ 66ರಲ್ಲಿ ಸೀದಾ ಹೋಗಬಹುದು. ಮೂಡುಬಿದಿರೆ, ಕಾರ್ಕಳ ಸುತ್ತಿಯೂ ಹೋಗಬಹುದು. ಕೂಳೂರು ಸೇತುವೆಯಲ್ಲಿ ಈಗ ಎಷ್ಟು ಬ್ಲಾಕ್ ಉಂಟು ಅಂತ ಗೊತ್ತಿದ್ದರೆ ಸರಿಯಾಗಿ ಆರಿಸುತ್ತೀರಿ. ನಿಮ್ಮ ಕೈಯಲ್ಲಿರುವುದು ಕಳೆದ ವರ್ಷದ ಭಾನುವಾರದ ಮಾಹಿತಿ ಆದರೆ? ಡೇಟಾಬೇಸ್‌ಗೆ ಆ ಮಾಹಿತಿ ಸ್ಟ್ಯಾಟಿಸ್ಟಿಕ್ಸ್, ಅಂದರೆ ಟೇಬಲ್‌ನಲ್ಲಿ ಎಷ್ಟು ಸಾಲು, ಎಂಥ ಮೌಲ್ಯಗಳು ಉಂಟು ಅನ್ನುವ ಲೆಕ್ಕ. ಅದು ಹಳತಾದರೆ ದಾರಿ ತಪ್ಪುತ್ತದೆ. ದಾರಿಗಳೂ ಎರಡೇ ಅಲ್ಲ, 10 ಟೇಬಲ್ ಸೇರಿಸುವ ಕ್ವೆರಿಯಲ್ಲಿ ಟೇಬಲ್‌ಗಳ ಕ್ರಮ ಒಂದನ್ನೇ ಲೆಕ್ಕ ಹಾಕಿದರೂ 36,28,800 ಬಗೆ ಆಗುತ್ತದೆ.

ನಮ್ಮೂರಿನ ಉದಾಹರಣೆಯೇ ಕೊಡುತ್ತೇನೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬಂದರಿನ ಬದಿಯ ಒಂದು ಐಸ್ ಪ್ಲಾಂಟಿನ ಬಿಲ್ಲಿಂಗ್‌ನಲ್ಲಿ ಆ ಎರಡು ತಿಂಗಳು ಹೆಚ್ಚು ಸಾಲು ಬೀಳುವುದಿಲ್ಲ. ಆಗಸ್ಟ್ ಬಂದ ಕೂಡಲೇ ಸುರಿಯುತ್ತದೆ. ಆದರೆ ಡೇಟಾಬೇಸಿನ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಬರೆದ ಕೊನೆಯ ತಾರೀಕು ಇನ್ನೂ ಮೇ 31. ಆಗಸ್ಟ್ ತಿಂಗಳ ಬಿಲ್ ಕೊಡು ಅಂದರೆ, ಇದ್ದರೆ ಒಂದೆರಡು ಇದ್ದೀತು ಅಂತ ಎಣಿಸಿ, ಒಂದೆರಡು ಸಾಲಿಗೆ ಸರಿಹೋಗುವ ದಾರಿ ಹಿಡಿಯುತ್ತದೆ, ಆಮೇಲೆ ಸಾವಿರಾರು ಸಾಲು ಎದುರಾಗಿ ಅದೇ ದಾರಿಯಲ್ಲಿ ತೆವಳುತ್ತದೆ. ಅದು ತಾನಾಗಿ ಲೆಕ್ಕ ಹೊಸತು ಮಾಡುವುದಿಲ್ಲವಾ? ಮಾಡುತ್ತದೆ, ಆದರೆ ಸಾಕಷ್ಟು ಬದಲಾದ ಮೇಲೆ. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್‌ನ 10% ಬದಲಾಗಬೇಕು. 50 ಲಕ್ಷ ಸಾಲಿನ ಟೇಬಲ್‌ನಲ್ಲಿ 5 ಲಕ್ಷ! ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಮೊದಲು 20% ಇತ್ತು, 2016ರಿಂದ ದೊಡ್ಡ ಟೇಬಲ್‌ಗಳಿಗೆ ಆ ಮಿತಿ ತುಂಬಾ ಇಳಿಯಿತು, ಅದೇ 50 ಲಕ್ಷಕ್ಕೆ ಸುಮಾರು 70,000 ಸಾಕು. ಆಗಸ್ಟ್ ಮೊದಲ ವಾರ ದಿನಾ ರಾತ್ರಿ ಆ ಟೇಬಲ್‌ಗೆ ಸ್ಟ್ಯಾಟಿಸ್ಟಿಕ್ಸ್ ಹೊಸತು ಮಾಡುವ ಅನಲೈಸ್ (ಎಕ್ಸ್‌ಪ್ಲೇನ್ ಜೊತೆಗಿನದ್ದಲ್ಲ) ಓಡಿಸಿ ಅಂತ ಹೇಳಿದೆ. ಆ ರಗಳೆ ಮುಗಿಯಿತು.

ಸ್ಟ್ಯಾಟಿಸ್ಟಿಕ್ಸ್ ಹೊಸದೇ ಉಂಟು. ಆದರೂ ಅಂದಾಜು ತಪ್ಪು.

ಕಾಲಂಗಳ ನಡುವೆ ಸಂಬಂಧ ಇರಬಹುದು. ಊರು ಮಲ್ಪೆ, ಕಸುಬು ಮೀನುಗಾರಿಕೆ ಅಂತ ಎರಡು ಷರತ್ತು ಹಾಕಿದಿರಿ ಅಂತ ಇಟ್ಟುಕೊಳ್ಳಿ. ಸದಸ್ಯರಲ್ಲಿ 2% ಮಲ್ಪೆಯವರು, 3% ಮೀನುಗಾರರು. ಆಪ್ಟಿಮೈಸರ್ ಎರಡನ್ನೂ ಗುಣಿಸಿ 0.06% ಅನ್ನುತ್ತದೆ. ಮಲ್ಪೆಯಲ್ಲಿ ಮೀನುಗಾರರು ಜಾಸ್ತಿ ಅಂತ ಅದಕ್ಕೆ ಯಾರು ಹೇಳಿದ್ದಾರೆ? ನಾವೇ ಹೇಳಬೇಕು. ಪೋಸ್ಟ್‌ಗ್ರೆಸ್‌ನಲ್ಲಿ 10ನೇ ಆವೃತ್ತಿಯಿಂದ ಕ್ರಿಯೇಟ್ ಸ್ಟ್ಯಾಟಿಸ್ಟಿಕ್ಸ್ ಅಂತ ಉಂಟು, ಹೆಚ್ಚು ಬರುವ ಜೋಡಿಗಳ ಪಟ್ಟಿ ಇಡುವುದು 12ರಿಂದ ಬಂತು.

ಎಲ್ಲ ಕಾಲಂಗೂ ಇಂಡೆಕ್ಸ್ ಹಾಕಿಬಿಟ್ಟರೆ ಆಗಲಿಕ್ಕಿಲ್ಲವಾ?

ಆಗುತ್ತದೆ, ಬಿಲ್ ಹಾಕುವಾಗ ಅಳಬೇಕಾಗುತ್ತದೆ. ಪ್ರತಿ ಹೊಸ ಸಾಲಿಗೂ ಅಷ್ಟೂ ಇಂಡೆಕ್ಸ್ ಬರೆಯಬೇಕು. ಒಂದು ಕಡೆ 14 ಇಂಡೆಕ್ಸ್ ಇರುವ ಟೇಬಲ್ ನೋಡಿದ್ದೇನೆ, ಅದರಲ್ಲಿ ಕೆಲಸ ಮಾಡುತ್ತಿದ್ದದ್ದು ನಾಲ್ಕು.

ಇಂಡೆಕ್ಸ್ ಹೆಚ್ಚಾಗಿ ಬಿ-ಟ್ರೀ, ಅಂದರೆ ಕ್ರಮವಾಗಿ ಜೋಡಿಸಿದ ಮರದ ಆಕಾರದ ರಚನೆ. ಬೋಯಿಂಗ್ ಕಂಪನಿಯಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ಅದನ್ನು ಮಾಡಿದ್ದು ಸರಿಸುಮಾರು ಕಾಡ್ ಅವರ ಮಾದರಿ ಬಂದ ಕಾಲಕ್ಕೇ. ಎರಡು ಕಾಲಂ ಸೇರಿಸಿದ ಇಂಡೆಕ್ಸ್‌ನಲ್ಲಿ ಯಾವುದು ಮೊದಲು ಅನ್ನುವುದು ಮುಖ್ಯ. ಶಾಖೆ, ತಾರೀಕು ಅಂತ ಮಾಡಿದರೆ ಇಂಥ ಶಾಖೆಯ ಇಂಥ ತಾರೀಕಿನದ್ದು ಕೂಡಲೇ ಸಿಗುತ್ತದೆ. ಬರೀ ತಾರೀಕು ಕೇಳಿದರೆ ಸಾಮಾನ್ಯವಾಗಿ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಊರಿನ ಹೆಸರಿನ ಮೇಲೆ ಜೋಡಿಸಿದ ಫೋನ್ ಪುಸ್ತಕದಲ್ಲಿ ಊರು ಹೇಳದೆ ಮನುಷ್ಯನನ್ನು ಹುಡುಕಿದ ಹಾಗೆ.

ಮರೆತುಹೋಗುವ ಒಂದು ಜಾಗ: ಫಾರಿನ್ ಕೀ, ಅಂದರೆ ಒಂದು ಟೇಬಲ್‌ನ ಸಾಲು ಇನ್ನೊಂದು ಟೇಬಲ್‌ನ ಸಾಲನ್ನು ತೋರಿಸುವ ಕೊಂಡಿ. ಮೈಎಸ್‌ಕ್ಯುಎಲ್‌ನಲ್ಲಿ ಡೇಟಾ ಇಡುವ ಭಾಗವಾದ ಇನ್ನೋಡಿಬಿ ಅದಕ್ಕೆ ತಾನೇ ಇಂಡೆಕ್ಸ್ ಹಾಕುತ್ತದೆ. ಪೋಸ್ಟ್‌ಗ್ರೆಸ್ ಹಾಕುವುದಿಲ್ಲ. ಅಲ್ಲಿಂದ ಇಲ್ಲಿಗೆ ಬಂದವರು ಇದರಲ್ಲಿ ಬೀಳುತ್ತಾರೆ, ಒಬ್ಬ ಗ್ರಾಹಕರ ದಾಖಲೆ ಅಳಿಸಲು ಹೋದರೆ ನಿಮಿಷಗಟ್ಟಲೆ ನಿಲ್ಲುತ್ತದೆ.

ಇಂಡೆಕ್ಸ್ ಉಂಟು. ಅದು ಬಳಸುವುದೇ ಇಲ್ಲ!

ಕಾಲಂ ಮೇಲೆ ಫಂಕ್ಷನ್ ಹಾಕಿದ್ದೀರಾ? ತಾರೀಕಿನಿಂದ ವರ್ಷ ತೆಗೆದು 2024ಕ್ಕೆ ಹೋಲಿಸಿದರೆ ತಾರೀಕಿನ ಇಂಡೆಕ್ಸ್ ಕೆಲಸಕ್ಕೆ ಬರುವುದಿಲ್ಲ. ಜನವರಿ 1ರಿಂದ ಮುಂದಿನ ಜನವರಿ 1ರ ಒಳಗೆ ಅಂತ ಬರೆಯಿರಿ. ಹೆಸರಿನ ನಡುವೆ ಎಲ್ಲೋ 'ಶೆಟ್ಟಿ' ಬರಬೇಕು ಅಂತ ಹುಡುಕಿದರೂ ಅಷ್ಟೆ, ಮೊದಲ ಅಕ್ಷರ ಗೊತ್ತಿಲ್ಲದೆ ಬಿ-ಟ್ರೀ ಎಂತ ಮಾಡಬೇಕು? ಮೈಎಸ್‌ಕ್ಯುಎಲ್‌ನಲ್ಲಿ ಮೊಬೈಲ್ ನಂಬರನ್ನು ಅಕ್ಷರದ ಕಾಲಂನಲ್ಲಿಟ್ಟು, ಕೇಳುವಾಗ ಉದ್ಧರಣ ಚಿಹ್ನೆ ಇಲ್ಲದೆ ಬರೀ ಸಂಖ್ಯೆಯಾಗಿ ಕೇಳಿದರೆ ಇಂಡೆಕ್ಸ್ ಹೋಯಿತು. ಇದು ನನಗೆ ಸಿಕ್ಕಷ್ಟು ಸಲ ಬೇರೆ ಯಾವುದೂ ಸಿಕ್ಕಿಲ್ಲ.

ಕೆಲವೊಮ್ಮೆ ಅದು ಬಳಸದಿರುವುದೇ ಸರಿ. ಟೇಬಲ್‌ನ ಅರ್ಧಕ್ಕರ್ಧ ಸಾಲು ಬೇಕಾದರೆ ಇಡೀ ಟೇಬಲ್ ಓದುವುದೇ ಬೇಗ. ಪೋಸ್ಟ್‌ಗ್ರೆಸ್‌ನಲ್ಲಿ ಮಾತ್ರ ಒಂದು ಸೆಟ್ಟಿಂಗ್ ನೋಡಿ: ರ‍್ಯಾಂಡಮ್ ಪೇಜ್ ಕಾಸ್ಟ್, ಅಂದರೆ ಡಿಸ್ಕ್‌ನಲ್ಲಿ ಅಲ್ಲಲ್ಲಿ ಹಾರಿ ಓದುವ ಖರ್ಚಿನ ಅಂದಾಜು, ಮೊದಲಿಗೆ 4 ಇರುತ್ತದೆ, ಅದು ತಿರುಗುವ ಡಿಸ್ಕ್‌ಗೆ ಹೇಳಿದ ಲೆಕ್ಕ. ಎಸ್‌ಎಸ್‌ಡಿ ಇದ್ದವರು 1.1ರ ಆಸುಪಾಸಿಗೆ ಇಳಿಸುತ್ತಾರೆ, ನಾನೂ ಹಾಗೇ ಮಾಡುವುದು.

ಮೆಮೊರಿ ಎಷ್ಟು ಕೊಡಬೇಕು?

ಪೋಸ್ಟ್‌ಗ್ರೆಸ್‌ನ ಶೇರ್ಡ್ ಬಫರ್ಸ್ ಸಾಮಾನ್ಯವಾಗಿ 128 ಎಂಬಿ ಇರುತ್ತದೆ, ಮೈಎಸ್‌ಕ್ಯುಎಲ್‌ನ ಬಫರ್ ಪೂಲ್ ಕೂಡ 128 ಎಂಬಿ. 32 ಜಿಬಿ ಸರ್ವರ್ ತಂದು ಇದನ್ನು ಮುಟ್ಟದೆ ಬಿಟ್ಟವರು ಎಷ್ಟೋ ಜನ. ಪೋಸ್ಟ್‌ಗ್ರೆಸ್‌ಗೆ ಒಟ್ಟು ಮೆಮೊರಿಯ ಕಾಲು ಭಾಗದಿಂದ ಶುರು ಮಾಡಿ, ಉಳಿದದ್ದನ್ನು ಆಪರೇಟಿಂಗ್ ಸಿಸ್ಟಮ್ ಕ್ಯಾಶ್ ಆಗಿ, ಅಂದರೆ ಓದಿದ್ದನ್ನು ಕೈಹತ್ತಿರ ಇಟ್ಟುಕೊಳ್ಳಲು, ಬಳಸುತ್ತದೆ. ಮೈಎಸ್‌ಕ್ಯುಎಲ್ ಒಂದೇ ಓಡುವ ಯಂತ್ರ ಆದರೆ 80%ವರೆಗೂ ಕೊಡಬಹುದು. ಅದರಲ್ಲಿ 8.0ರಿಂದ ಡೆಡಿಕೇಟೆಡ್ ಸರ್ವರ್ ಅಂತ ಒಂದು ಸ್ವಿಚ್ ಬಂದಿದೆ, ಆನ್ ಮಾಡಿದರೆ ಯಂತ್ರ ನೋಡಿ ತಾನೇ ಲೆಕ್ಕ ಹಾಕುತ್ತದೆ. ಟ್ಯಾಲಿ, ಬಿಲ್ಲಿಂಗ್, ಸಿಸಿಟಿವಿ ಎಲ್ಲ ಅದೇ ಯಂತ್ರದಲ್ಲಿದ್ದರೆ ಆ ಸ್ವಿಚ್ ಮುಟ್ಟಬೇಡಿ. ಎಸ್‌ಕ್ಯುಎಲ್ ಸರ್ವರ್ ಉಲ್ಟಾ. ಮಿತಿ ಹಾಕದಿದ್ದರೆ ಸಿಕ್ಕಷ್ಟೂ ತಿನ್ನುತ್ತಾ ಹೋಗುತ್ತದೆ, ಮ್ಯಾಕ್ಸ್ ಸರ್ವರ್ ಮೆಮೊರಿ ಹಾಕಿ ಕಟ್ಟಬೇಕು.

ಅಪಾಯ ಇರುವುದು ವರ್ಕ್ ಮೆಮ್‌ನಲ್ಲಿ, ಅಂದರೆ ಕ್ವೆರಿಯ ಕೆಲಸಕ್ಕೆ ಕೊಡುವ ಮೆಮೊರಿಯಲ್ಲಿ. ಪೋಸ್ಟ್‌ಗ್ರೆಸ್ 4 ಎಂಬಿ ಕೊಡುತ್ತದೆ, ಯಾರೋ 64 ಮಾಡಿ ಅಂತ ಹೇಳುತ್ತಾರೆ, ನೀವು ಮಾಡುತ್ತೀರಿ. ಅದು ಒಂದು ಕನೆಕ್ಷನ್‌ಗೆ ಅಲ್ಲ, ಕ್ವೆರಿಯೊಳಗೆ ಸಾಲು ಜೋಡಿಸುವ ಒಂದೊಂದು ಸಾರ್ಟ್‌ಗೆ, ಸಾಲು ಹೊಂದಿಸುವ ಒಂದೊಂದು ಹ್ಯಾಶ್‌ಗೆ. 80 ಕನೆಕ್ಷನ್, ಒಂದೊಂದರಲ್ಲಿ 3 ಸಾರ್ಟ್ ಅಂದರೆ 64 ಗುಣಿಸು 3 ಗುಣಿಸು 80, 15 ಜಿಬಿ. ನಿಮ್ಮ ಯಂತ್ರ 16 ಜಿಬಿ. ಲಿನಕ್ಸ್ ಎಂತ ಮಾಡುತ್ತದೆ ಗೊತ್ತಾ? ಡೇಟಾಬೇಸನ್ನೇ ಕೊಂದುಹಾಕುತ್ತದೆ. ದೊಡ್ಡ ರಿಪೋರ್ಟ್ ಓಡಿಸುವ ಸೆಶನ್‌ಗೆ ಮಾತ್ರ ಹೆಚ್ಚು ಕೊಡಿ.

ಆಟೋವ್ಯಾಕ್ಯೂಮ್ ಯಾವಾಗಲೂ ಓಡುತ್ತಾ ಇರುತ್ತದೆ. ಆಫ್ ಮಾಡಲಾ?

ಬೇಡ. ನಾನು ಮಾಡಿ ಅನುಭವಿಸಿದ್ದೇನೆ.

ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸಾಲು ಬದಲಿಸಿದರೆ ಹಳೇದು ಅಲ್ಲೇ ಬಿದ್ದಿರುತ್ತದೆ, ಹೊಸದು ಪಕ್ಕದಲ್ಲಿ ಬರುತ್ತದೆ. ಓದುವವರಿಗೂ ಬರೆಯುವವರಿಗೂ ಜಗಳ ಬೇಡ ಅಂತ ಈ ವ್ಯವಸ್ಥೆ. ಸತ್ತ ಸಾಲುಗಳ ಜಾಗ ಗುಡಿಸಿ ಮತ್ತೆ ಬಳಸುವ ಹಾಗೆ ಮಾಡುವುದು ವ್ಯಾಕ್ಯೂಮ್. ಮೊದಲೆಲ್ಲ ಇದನ್ನು ಮನುಷ್ಯರೇ ರಾತ್ರಿ ಓಡಿಸುತ್ತಿದ್ದರು. 2005ರಲ್ಲಿ 8.1ರ ಹೊತ್ತಿಗೆ ಸರ್ವರಿನ ಒಳಗೇ ಸೇರಿತು, 2008ರಲ್ಲಿ 8.3ರಿಂದ ತಾನಾಗಿ ಆನ್ ಇರುತ್ತದೆ.

ಒಂದು ಸೊಸೈಟಿಯಲ್ಲಿ ಮಾರ್ಚ್ ಕೊನೆಗೆ ಹಳೇ ಲೆಕ್ಕ ತುಂಬಿಸುವುದಿತ್ತು. ಬೇಗ ಆಗಲಿ ಅಂತ ಆ ಟೇಬಲ್‌ಗೆ ಮಾತ್ರ ಆಟೋವ್ಯಾಕ್ಯೂಮ್ ಆಫ್ ಮಾಡಿದೆ. ಕೆಲಸ ಮುಗಿಯಿತು, ಚಾ ಕುಡಿದೆ, ಆನ್ ಮಾಡಲು ಮರೆತು ಊರಿಗೆ ಬಂದೆ. ಜುಲೈ ತಿಂಗಳಲ್ಲಿ ಫೋನ್: ದಿನದ ಲೆಕ್ಕ ಮುಗಿಸಲು ಮೂರು ಗಂಟೆ ಹಿಡಿಯುತ್ತದೆ, ಮೊದಲು ಅರ್ಧ ಗಂಟೆ ಇತ್ತು. ಹೋಗಿ ನೋಡಿದರೆ 9 ಜಿಬಿಯ ಟೇಬಲ್ 50 ಜಿಬಿ ಆಗಿ ಊದಿತ್ತು. ಒಳಗೆ ಇದ್ದದ್ದೆಲ್ಲ ಹೆಣಗಳೇ. ಊದಿದ ಮೇಲೆ ಸಾಮಾನ್ಯ ವ್ಯಾಕ್ಯೂಮ್ ಫೈಲನ್ನು ಅಷ್ಟಾಗಿ ಚಿಕ್ಕದು ಮಾಡುವುದಿಲ್ಲ, ವ್ಯಾಕ್ಯೂಮ್ ಫುಲ್ ಬೇಕು, ಅದು ಟೇಬಲ್‌ಗೆ ಬೀಗ ಹಾಕಿಕೊಂಡೇ ಕೂರುತ್ತದೆ. ಭಾನುವಾರ ರಾತ್ರಿ ಹೋಗಿ ಮಾಡಿಕೊಟ್ಟೆ. ಸೆಕ್ರೆಟರಿಯವರು ಬೈಯಲಿಲ್ಲ, ಆದರೆ ಆ ದಿನ ಚಾ ಬರಲಿಲ್ಲ.

ಅದು ಸಿಕ್ಕಾಪಟ್ಟೆ ಓಡುತ್ತದೆ ಅನ್ನುವವರಿಗೆ ನಿಜವಾಗಿ ಬೇಕಾದದ್ದು ಹೆಚ್ಚಾಗಿ ಉಲ್ಟಾ. ಮೊದಲ ಸೆಟ್ಟಿಂಗ್ ಪ್ರಕಾರ 20% ಸಾಲು ಸತ್ತ ಮೇಲೆ ಮಾತ್ರ ಅದು ಏಳುತ್ತದೆ. 1 ಕೋಟಿ ಸಾಲಿನ ಟೇಬಲ್‌ನಲ್ಲಿ 20 ಲಕ್ಷ ಹೆಣ ಬಿದ್ದ ಮೇಲೆ ಪೊರಕೆ ಹಿಡಿದರೆ ಆ ಕೆಲಸ ದೊಡ್ಡದೇ ಆಗುತ್ತದೆ. ಅಂಥ ಟೇಬಲ್‌ಗೆ 2% ಮಾಡಿ. ಪದೇ ಪದೇ ಓಡಲಿ, ಸ್ವಲ್ಪ ಸ್ವಲ್ಪ ಗುಡಿಸಲಿ.

ಮಧ್ಯಾಹ್ನ ಒಂದು ಹೊತ್ತಿಗೆ ಎಲ್ಲ ನಿಂತುಬಿಡುತ್ತದೆ. ಆಮೇಲೆ ತಾನಾಗಿ ಸರಿ ಆಗುತ್ತದೆ.

ಯಾರೋ ಊಟಕ್ಕೆ ಹೋಗಿದ್ದಾರೆ. ತಮಾಷೆ ಅಲ್ಲ. ಟ್ರಾನ್ಸಾಕ್ಶನ್ ಶುರು ಮಾಡಿ, ಒಂದು ಸಾಲು ಬದಲಿಸಿ, ಕಮಿಟ್ ಮಾಡದೆ, ಅಂದರೆ ಖಾಯಂ ಮಾಡದೆ, ಸ್ಕ್ರೀನ್ ಹಾಗೇ ಬಿಟ್ಟು ಹೋದರೆ ಆ ಸಾಲಿನ ಲಾಕ್ ಅವರ ಕೈಯಲ್ಲೇ. ಉಳಿದವರು ಕಾಯುತ್ತಾರೆ. ಅವರು ಬಂದು ಕುಳಿತು ಓಕೆ ಒತ್ತಿದರೆ ಎಲ್ಲ ಹರಿಯುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ 9.6ರಿಂದ ಹೀಗೆ ಸುಮ್ನೆ ಕೂತ ಸೆಶನ್‌ಗೆ ಕಾಲಮಿತಿ ಹಾಕಬಹುದು, ಐದು ನಿಮಿಷ ಸಾಕು. ಇನ್ನೊಂದು ವಿಷಯ, ಇಂಥ ಹಳೇ ಟ್ರಾನ್ಸಾಕ್ಶನ್ ತೆರೆದಿರುವಷ್ಟು ಹೊತ್ತು, ಅದು ನೋಡಬಹುದಾದ ಸತ್ತ ಸಾಲನ್ನು ವ್ಯಾಕ್ಯೂಮ್ ಮುಟ್ಟುವಂತಿಲ್ಲ. ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿರುತ್ತದೆ, ಒಳಗೆ ಬಿಡುವವರಿಲ್ಲ.

ನಿನ್ನೆ ಸರಿ ಇತ್ತು, ಇವತ್ತು ಅದೇ ಕ್ವೆರಿ ಹತ್ತು ಪಟ್ಟು ನಿಧಾನ.

ಪ್ಲಾನ್ ಬದಲಾಗಿರಬಹುದು. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಇದು ಜಾಸ್ತಿ ಕಾಣುತ್ತದೆ. ಬೆಳಿಗ್ಗೆ ಮೊದಲ ಸಲ ಆ ಕ್ವೆರಿ ಕೇಳಿದವರು 200 ಖಾತೆ ಇರುವ ಹೊಸ ಶಾಖೆಯವರು. ಅದಕ್ಕೆ ಸರಿಹೋಗುವ ಪ್ಲಾನ್ ಮಾಡಿ ಜೋಪಾನವಾಗಿ ಇಟ್ಟುಕೊಂಡಿತು. ಆಮೇಲೆ 80,000 ಖಾತೆಯ ಮುಖ್ಯ ಶಾಖೆಗೂ ಅದೇ. ಇದಕ್ಕೆ ಪ್ಯಾರಾಮೀಟರ್ ಸ್ನಿಫಿಂಗ್ ಅನ್ನುತ್ತಾರೆ. ಕ್ವೆರಿ ಸ್ಟೋರ್‌ನಲ್ಲಿ ಹಳೇ ಪ್ಲಾನ್, ಹೊಸ ಪ್ಲಾನ್ ಎರಡೂ ಸಿಗುತ್ತವೆ, ಒಳ್ಳೆಯದನ್ನು ಆರಿಸಿ ಇದನ್ನೇ ಬಳಸು ಅಂತ ಹೇಳಬಹುದು. 2017ರ ಆವೃತ್ತಿಯಿಂದ ಅದು ತಾನೇ ಇದನ್ನು ಗಮನಿಸಿ ಹಿಂದಿನ ಒಳ್ಳೆ ಪ್ಲಾನ್‌ಗೆ ಮರಳಬಲ್ಲದು. ನನಗೆ ಇಷ್ಟವಾದ ಸ್ವಯಂಚಾಲಿತ ಸೌಲಭ್ಯ ಅಂದರೆ ಇದೇ. ಯಾಕೆಂದರೆ ಅದು ಹೊಸ ಬುದ್ಧಿವಂತಿಕೆ ಮಾಡುವುದಿಲ್ಲ, ಮೊದಲು ಚೆನ್ನಾಗಿ ನಡೆದದ್ದಕ್ಕೆ ವಾಪಸ್ ಹೋಗುತ್ತದೆ.

ಈಗ ಡೇಟಾಬೇಸ್ ತನ್ನನ್ನು ತಾನೇ ನೋಡಿಕೊಳ್ಳುತ್ತದಂತೆ. ಹಾಗಾದರೆ ನೀವು ಯಾಕೆ?

ಈ ಪ್ರಶ್ನೆ ಹೆಚ್ಚಾಗಿ ವಾರ್ಷಿಕ ನಿರ್ವಹಣೆ ಒಪ್ಪಂದದ (ಎಎಂಸಿ) ರಿನೀವಲ್ ತಿಂಗಳಲ್ಲೇ ಬರುತ್ತದೆ!

ಇದು ಹೊಸ ಮಾತಲ್ಲ. ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಸುರಜಿತ್ ಚೌಧುರಿ, ವಿವೇಕ್ ನರಸಯ್ಯ ಮತ್ತಿತರರು ಆಟೋಅಡ್ಮಿನ್ ಅಂತ ಶುರು ಮಾಡಿದ್ದು 1996ರಲ್ಲಿ. ಎರಡು ವರ್ಷದಲ್ಲಿ ಎಸ್‌ಕ್ಯುಎಲ್ ಸರ್ವರ್ 7.0ರ ಜೊತೆ ಇಂಡೆಕ್ಸ್ ಟ್ಯೂನಿಂಗ್ ವಿಝಾರ್ಡ್ ಬಂತು. ಅದರ ಉಪಾಯ ಚಂದ ಉಂಟು. ಇಂಡೆಕ್ಸ್ ನಿಜವಾಗಿ ಕಟ್ಟದೆ, ಇದ್ದರೆ ಖರ್ಚು ಎಷ್ಟು ಅಂತ ಆಪ್ಟಿಮೈಸರನ್ನೇ ಕೇಳುವುದು. 2001ರಲ್ಲಿ ಐಬಿಎಂ ತನ್ನನ್ನು ತಾನೇ ನಡೆಸಿಕೊಳ್ಳುವ ಕಂಪ್ಯೂಟರ್ ವ್ಯವಸ್ಥೆಗಳ ಮಾತು ಎತ್ತಿತು, 2006ರಲ್ಲಿ ಅವರ ಡಿಬಿ2 9 ಮೆಮೊರಿಯನ್ನು ಓಡುತ್ತಾ ಓಡುತ್ತಾ ತಾನೇ ಹಂಚಿಕೊಳ್ಳುವುದು ಕಲಿಯಿತು. ಒರಾಕಲ್ 10ಜಿಯಲ್ಲಿ ಗಂಟೆಗೊಮ್ಮೆ ತನ್ನ ಸ್ಥಿತಿಯ ಚಿತ್ರ ತೆಗೆದು, ಎಲ್ಲಿ ಸಮಯ ಹೋಯಿತು ಅಂತ ತಾನೇ ವರದಿ ಬರೆಯುವ ವ್ಯವಸ್ಥೆ ಬಂತು. ಆ ವರದಿ ನೋಡಲು ಬೇರೆ ಲೈಸೆನ್ಸ್ ಬೇಕು, ಜಾಗ್ರತೆ, ಸುಮ್ನೆ ಕ್ಲಿಕ್ ಮಾಡಿ ಆಡಿಟ್‌ನಲ್ಲಿ ಸಿಕ್ಕಿಬೀಳಬೇಡಿ. ಅಟಾನಮಸ್ ಡೇಟಾಬೇಸ್ ಅನ್ನುವ ಹೆಸರನ್ನು ಅವರು ಘೋಷಿಸಿದ್ದು 2017ರಲ್ಲಿ. ಅದೇ ವರ್ಷ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಂಡಿ ಪಾವ್ಲೊ ತಂಡ ಆಟರ್‌ಟ್ಯೂನ್ ಬಗ್ಗೆ ಪ್ರಕಟಿಸಿತು, ಹಳೇ ಅನುಭವದಿಂದ ಕಲಿತು ಸೆಟ್ಟಿಂಗ್ ಹೇಳುವ ಸಾಧನ ಅದು. ಆಮೇಲೆ ಕಂಪನಿ ಆಯಿತು, 2024ರಲ್ಲಿ ಮುಚ್ಚಿಯೂ ಹೋಯಿತು.

ನನ್ನ ಅಭಿಪ್ರಾಯ ಕೇಳಿದರೆ, ಮನೆಗೆಲಸ ಅದಕ್ಕೇ ಬಿಡಬೇಕು. ಮೆಮೊರಿ ಹಂಚುವುದು, ಗುಡಿಸುವುದು, ಸ್ಟ್ಯಾಟಿಸ್ಟಿಕ್ಸ್ ತೆಗೆಯುವುದು, ಇದರಲ್ಲಿ ಅದು ನನಗಿಂತ ಶಿಸ್ತು, ಮೇಲಿನ ಜುಲೈ ಕಥೆಯೇ ಸಾಕ್ಷಿ. ಅದಕ್ಕೆ ಗೊತ್ತಿಲ್ಲದ್ದು ನಿಮ್ಮ ಕ್ಯಾಲೆಂಡರ್. ಮೈಕ್ರೋಸಾಫ್ಟ್ ಕ್ಲೌಡಿನ ಅಜೂರ್ ಎಸ್‌ಕ್ಯುಎಲ್‌ನಲ್ಲಿ ತಾನಾಗಿ ಇಂಡೆಕ್ಸ್ ತೆಗೆಯುವ ಆಯ್ಕೆ ಆನ್ ಮಾಡಿದರೆ, 90 ದಿನ ಯಾರೂ ಬಳಸದ ಇಂಡೆಕ್ಸ್ ಬೇಡ ಅಂತ ಲೆಕ್ಕ. ಹರಕೆ ಆಟದ ಬುಕಿಂಗ್ ಇಡುವ ಒಂದು ಯಕ್ಷಗಾನ ಮೇಳದ ಆಫೀಸ್ ಕಲ್ಪಿಸಿಕೊಳ್ಳಿ. ಮಳೆಗಾಲದ ಮೊದಲು ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಮತ್ತೆ ತಿರುಗಾಟ ಹೊರಡುವುದು ದೀಪಾವಳಿ ಕಳೆದು. ನಡುವೆ ಐದಾರು ತಿಂಗಳು ದಿನವಹಿ ಪಟ್ಟಿ ಯಾರಿಗೆ ಬೇಕು? ಆ ಪಟ್ಟಿಗೆ ಬೇಕಾದ ಇಂಡೆಕ್ಸ್ ಹೋಗಿರುತ್ತದೆ. ಸೇವೆ ಆಟದ ಮೊದಲ ದಿನ ಆಫೀಸಿನಲ್ಲಿ ಬೇರೆಯೇ ಆಟ ಶುರು.

ಹಾಗಾದರೆ ಅದು ತಾನಾಗಿ ಹಾಕುವ ಇಂಡೆಕ್ಸ್ ನಂಬಬಾರದಾ?

ನಂಬಬಹುದು, ಪರೀಕ್ಷೆ ಮಾಡಿ ಹಾಕುವುದಾದರೆ. ಅಜೂರ್‌ನಲ್ಲಿ ಹಾಕಿದ ಮೇಲೆ ಅಳೆದು ನೋಡಿ, ಪ್ರಯೋಜನ ಕಾಣದಿದ್ದರೆ ವಾಪಸ್ ತೆಗೆಯುತ್ತದೆ. ಒರಾಕಲ್ 19ಸಿಯಲ್ಲಿ ಮೊದಲು ಕಾಣದ ಹಾಗೆ ಕಟ್ಟಿ, ಪರೀಕ್ಷಿಸಿ, ಆಮೇಲೆ ಬಳಕೆಗೆ ಬಿಡುತ್ತದೆ, ಆದರೆ ಅದು ಅವರ ಎಕ್ಸಾಡೇಟಾದಂಥ ದುಬಾರಿ ಯಂತ್ರದವರಿಗೆ. ನಮ್ಮಂಥವರೂ ಇದೇ ಉಪಾಯ ಮಾಡಬಹುದು: ಮೈಎಸ್‌ಕ್ಯುಎಲ್ 8.0ರಲ್ಲಿ ಇಂಡೆಕ್ಸ್ ಡ್ರಾಪ್ ಮಾಡುವ ಬದಲು ಇನ್‌ವಿಸಿಬಲ್ ಮಾಡಿಡಿ, ಒಂದು ಮಾರ್ಚ್ 31 ದಾಟಲಿ, ಯಾರೂ ಕೂಗದಿದ್ದರೆ ತೆಗೆಯಿರಿ.

ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಅರ್ಧ ಗಂಟೆ ಸ್ಲೋ. ಯಾಕೆ?

ಮೆಮೊರಿಯ ಕ್ಯಾಶ್ ಖಾಲಿ. ಎಲ್ಲವನ್ನೂ ಡಿಸ್ಕ್‌ನಿಂದ ಮತ್ತೆ ತರಬೇಕು. ಮೈಎಸ್‌ಕ್ಯುಎಲ್ ಬಂದ್ ಆಗುವಾಗ ಯಾವ ಪೇಜ್ ಮೆಮೊರಿಯಲ್ಲಿತ್ತು ಅಂತ ಬರೆದಿಟ್ಟು, ಶುರುವಾಗುವಾಗ ತುಂಬಿಕೊಳ್ಳುತ್ತದೆ. ಆದರೆ ಸರಿಯಾಗಿ ಬಂದ್ ಮಾಡಿದರೆ ಮಾತ್ರ. ಸಿಡಿಲಿಗೆ ಫಟ್ ಅಂತ ಹೋದರೆ ಬರೆಯಲು ಹೊತ್ತೆಲ್ಲಿ? ಯುಪಿಎಸ್‌ಗೆ ಸರ್ವರ್ ಬಂದ್ ಮಾಡುವ ಕೇಬಲ್ ಜೋಡಿಸಿ, ಬ್ಯಾಟರಿ ಮುಗಿಯುವ ಮೊದಲು ತಾನಾಗಿ ನಿಲ್ಲಲಿ.

ಎಫ್‌ಸಿಂಕ್ ಆಫ್ ಮಾಡಿದರೆ ಸಖತ್ ಫಾಸ್ಟ್ ಅಂತೆ?

ಬರೆದದ್ದು ಡಿಸ್ಕ್‌ಗೆ ನಿಜವಾಗಿ ಮುಟ್ಟಿತಾ ಅಂತ ಖಚಿತ ಮಾಡಿಕೊಳ್ಳುವುದೇ ಎಫ್‌ಸಿಂಕ್. ಆಫ್ ಮಾಡಿದರೆ ಫಾಸ್ಟ್ ಹೌದು, ಮೊದಲ ಸಿಡಿಲಿನವರೆಗೆ. ಆಮೇಲೆ ಡೇಟಾಬೇಸೇ ಹಾಳಾಗಬಹುದು. ಅಷ್ಟು ಅವಸರ ಇದ್ದರೆ ಪೋಸ್ಟ್‌ಗ್ರೆಸ್‌ನಲ್ಲಿ ಸಿಂಕ್ರೊನಸ್ ಕಮಿಟ್ ಆಫ್ ಮಾಡಬಹುದು, ಕರೆಂಟ್ ಹೋದರೆ ಕೊನೆಯ ಒಂದೆರಡು ನಮೂದು ಹೋದೀತು, ಡೇಟಾಬೇಸ್ ಕೆಡುವುದಿಲ್ಲ. ಹಣದ ಲೆಕ್ಕ ಇಡುವಲ್ಲಿ ಅದೂ ಬೇಡ.

ಎಐ ಹತ್ತಿರ ಕೇಳಿ ಸೆಟ್ಟಿಂಗ್ ಬದಲಿಸಬಹುದಾ?

ಕೇಳಿ, ನಾನೂ ಕೇಳುತ್ತೇನೆ. ಡೇಟಾಬೇಸಿನ ಒಂದು ಕಾಪಿಯಲ್ಲಿ ಹಾಕಿ ನೋಡಿ. ಒಂದು ಸಲಕ್ಕೆ ಒಂದೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಸರಿಯಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ನಿಮಗೆ ಫೋನ್ ಮಾಡುವ ಮೊದಲು ಎಂತ ತಯಾರು ಮಾಡಿಡಬೇಕು?

ಯಾವ ಸ್ಕ್ರೀನ್, ಎಷ್ಟು ಗಂಟೆಗೆ, ಎಷ್ಟು ಸೆಕೆಂಡ್. ಒಬ್ಬರಿಗೆ ಮಾತ್ರವಾ, ಎಲ್ಲರಿಗೂ ಹಾಗೆಯಾ. ಡೇಟಾಬೇಸ್ ಯಾವುದು, ಯಾವ ಆವೃತ್ತಿ. ಆಗುತ್ತದಾದರೆ ಆ ಕ್ವೆರಿ ಮತ್ತು ಅದರ ಪ್ಲಾನ್ ವಾಟ್ಸಾಪ್ ಮಾಡಿ, ಫೋಟೋ ಬೇಡ, ಅಕ್ಷರದಲ್ಲೇ ಕಳಿಸಿ, ಸ್ಕ್ರೀನಿನ ಫೋಟೋದಲ್ಲಿ ನನಗೆ ಕಾಣುವುದು ಟ್ಯೂಬ್‌ಲೈಟ್ ಮಾತ್ರ. ಹೋದ ವಾರದಿಂದ ಎಂತ ಬದಲಾಗಿದೆ ಅಂತಲೂ ಯೋಚಿಸಿ ಇಡಿ. 'ಏನೂ ಬದಲಾಗಿಲ್ಲ' ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ಗಂಟೆ ಮಾತಾಡಿದ ಮೇಲೆ, ಶನಿವಾರ ಸಾಫ್ಟ್‌ವೇರ್‌ನವರು ಬಂದು ಎಂತದೋ ಅಪ್‌ಡೇಟ್ ಹಾಕಿ ಹೋದದ್ದು ನೆನಪಾಗುತ್ತದೆ.